ಮಣ್ಣು ಹಾಕಬಹುದು

ಹೆಸರಿಟ್ಟವರು ಅಪ್ಪ ಅಮ್ಮ, ಅದನ್ನು ಕೆಡಿಸಿದ್ದು ಒಂದು ಕ್ರಿಯಾಪದ. ಅಣ್ಣನ ಮನೆಯ ಮಕ್ಕಳೆಲ್ಲ ಅವಳನ್ನು ಕರೆಯುವುದು ಬಹುದತ್ತೆ ಎಂದೇ. ಮೊದಮೊದಲು ಬೆನ್ನ ಹಿಂದೆ ಕರೆಯುತ್ತಿದ್ದರು, ಆಮೇಲೆ ಎದುರಿಗೇ ಶುರುವಾಯಿತು. ಈಗ ಆ ಮಕ್ಕಳ ಮಕ್ಕಳು ಅದೇ ಅವಳ ನಿಜವಾದ ಹೆಸರೆಂದು ತಿಳಿದಿದ್ದಾರೆ. ಶಾಲೆಯಲ್ಲಿ ಬಂಧುಗಳ ಹೆಸರು ಬರೆಯಲು ಹೇಳಿದಾಗ ಒಬ್ಬ 'ಬಹುದಜ್ಜಿ' ಎಂದು ಬರೆದು, ಟೀಚರು ಅದಕ್ಕೆ ಕೆಂಪು ಶಾಯಿಯಲ್ಲಿ ಸುತ್ತುಹಾಕಿದ್ದೂ ಆಗಿದೆ.

ಆ ಹೆಸರಿನ ಕಥೆ ಮನೆಮಂದಿಗೆಲ್ಲ ಬಾಯಿಪಾಠ. ಅಣ್ಣ ಕಾಲೇಜಿನ ಪ್ರಯೋಗಾಲಯದಲ್ಲಿ ಸಹಾಯಕನಾಗಿದ್ದವನು. ಗಾಜಿನ ತೊಟ್ಟಿಯಲ್ಲಿ ನೀರಗಿಡ ಬೆಳೆಸುವ ಹುಚ್ಚು ಅವನಿಗೆ ಮೀಸೆ ಮೂಡುವ ಮೊದಲೇ ಹತ್ತಿತ್ತು. ಮೀನುಗಳೂ ಇದ್ದವು ಅನ್ನಿ, ಆದರೆ ಮದುವೆಮನೆಗೆ ಬಂದ ನೆಂಟರ ಹಾಗೆ, ಮದುಮಗಳು ಗಿಡವೇ. ಮೂವತ್ತೆಂಟು ವರ್ಷದ ಹಿಂದೆ ಆ ಹುಚ್ಚನ್ನೆಲ್ಲ ನೂರಹನ್ನೆರಡು ಪುಟಕ್ಕೆ ಇಳಿಸಿ 'ಗಾಜಿನ ತೊಟ್ಟಿಯ ತೋಟ' ಎಂಬ ಪುಸ್ತಕ ಬರೆದ. ತಂಗಿ ಆಗ ಮುದ್ರಣಾಲಯವೊಂದರಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದಳು. ಅಣ್ಣನ ಪುಸ್ತಕವನ್ನು ಅಕ್ಷರಕ್ಕಕ್ಷರ ಅವಳೇ ಜೋಡಿಸಿದಳು. ಮೂರನೆಯ ಅಧ್ಯಾಯದಲ್ಲಿ ಅಣ್ಣ ಬರೆದದ್ದು, 'ತೊಟ್ಟಿಯ ತಳಕ್ಕೆ ತೋಟದ ಮಣ್ಣು ಹಾಕಬಾರದು.' ಅಚ್ಚಾಗಿ ಬಂದದ್ದು, 'ತೊಟ್ಟಿಯ ತಳಕ್ಕೆ ತೋಟದ ಮಣ್ಣು ಹಾಕಬಹುದು.'

ಆರುನೂರು ಪ್ರತಿಯಲ್ಲಿ ನೂರು ಹೊರಗೆ ಹೋದ ಮೇಲೆ ಯಾರೋ ಗಮನಿಸಿದರು. ಉಳಿದ ಐನೂರಕ್ಕೆ ಬೆರಳಗಲದ ತಿದ್ದುಪಡಿ ಚೀಟಿ ಅಂಟಿಸಬೇಕಾಯಿತು. ಅಂಟಿಸಿದವಳೂ ಅವಳೇ. ಅಣ್ಣ ಈ ಪ್ರಸಂಗವನ್ನು ಮದುವೆ, ಮುಂಜಿ, ನಾಮಕರಣ ಎಲ್ಲೆಲ್ಲಿ ನಾಲ್ಕು ಜನ ಸೇರಿದರೋ ಅಲ್ಲೆಲ್ಲ ಅಭಿನಯದ ಸಮೇತ ಹೇಳಿದ. "ಶತ್ರುಗಳು ಬೇಕಾಗಿಲ್ಲ ಮಾರಾಯರೇ, ನನ್ನ ತಂಗಿ ಎರಡೇ ಮೊಳೆಯಲ್ಲಿ ನನ್ನ ಮೂರನೇ ಅಧ್ಯಾಯ ಮುಳುಗಿಸಿದಳು" ಎಂಬಲ್ಲಿಗೆ ಕಥೆ ಮುಗಿಯುತ್ತಿತ್ತು, ಜನ ನಗುತ್ತಿದ್ದರು. ಅವಳೂ ನಗುತ್ತಿದ್ದಳು. ನಗದೆ ಕೂತರೆ ಇನ್ನೊಂದು ಕಥೆಯಾಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು.

ಅಣ್ಣ ಹೇಳದೆ ಬಿಡುತ್ತಿದ್ದ ಭಾಗವೊಂದಿದೆ. ಅದಾದ ತಿಂಗಳಿಗೆ ಮುದ್ರಣಾಲಯದ ಮಾಲೀಕರು ಅವಳನ್ನು ಮೊಳೆಯ ಕೆಲಸದಿಂದ ತೆಗೆದು ಹಾಳೆ ಮಡಿಸುವ, ಹೊಲಿಯುವ ಕೋಣೆಗೆ ಕಳಿಸಿದರು. ಆ ಮುದ್ರಣಾಲಯದಲ್ಲಿ ಅವಳಷ್ಟು ಚುರುಕಾಗಿ ಮೊಳೆ ಜೋಡಿಸುವವರು ಇನ್ನೊಬ್ಬರಿರಲಿಲ್ಲ. ಅಕ್ಷರ ಅವಳ ಅನ್ನವಾಗಿತ್ತು. ಆ ಅನ್ನಕ್ಕೆ ಮಣ್ಣು ಬಿತ್ತು. ಮೊಳೆಗಳನ್ನೆಲ್ಲ ತೂಕಕ್ಕೆ ಮಾರಿ ಕಂಪ್ಯೂಟರು ತರುವವರೆಗೂ, ಇಪ್ಪತ್ತೆರಡು ವರ್ಷ, ಅವಳು ಹಾಳೆ ಮಡಿಸಿದಳು.

ಈ ವರ್ಷ ಮುದ್ರಣಾಲಯವನ್ನು ಈಗ ನಡೆಸುತ್ತಿರುವ ಮಾಲೀಕರ ಮಗಳು ಅಣ್ಣನಿಗೆ ಫೋನು ಮಾಡಿದಳು. ನೀರಗಿಡದ ಹುಚ್ಚು ಮತ್ತೆ ಹಬ್ಬಿದೆ, ಹುಡುಗ ಹುಡುಗಿಯರು ನಿಮ್ಮ ಪುಸ್ತಕ ಕೇಳಿಕೊಂಡು ಬರುತ್ತಾರೆ, ನಾಲ್ಕನೆಯ ಮುದ್ರಣ ಮಾಡೋಣ, ಆದರೆ ಪೂರಾ ಪರಿಷ್ಕರಿಸಿ ಕೊಡಿ ಎಂದಳು. ಅಣ್ಣನಿಗೆ ಎಪ್ಪತ್ಮೂರು. ಖುಷಿಗೆ ಹತ್ತು ವರ್ಷ ಕಡಿಮೆಯಾದವನಂತೆ ಓಡಾಡಿದ. ತಂಗಿಗೆ ಹೇಳಿಕಳಿಸಿದ.

ಕರಡು ತಿದ್ದುವ ಹಳೆಯ ಪದ್ಧತಿ ಎಂದರೆ ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ನೋಡುತ್ತ ಹೋಗಬೇಕು. ಓದುವುದು ಬಹುದತ್ತೆ, ನೋಡುವುದು ಅಣ್ಣ. ತಿದ್ದಿದ್ದನ್ನು ಕಂಪ್ಯೂಟರಿಗೆ ಇಳಿಸುವುದು ಅಣ್ಣನ ಮಗಳು; ಅವಳಿಗೆ ಔಷಧಿ ಅಂಗಡಿಯಲ್ಲಿ ಮಧ್ಯಾಹ್ನದ ಪಾಳಿ, ಬೆಳಿಗ್ಗೆ ಪುರುಸೊತ್ತು. ಎರಡು ಬೀದಿ ದಾಟಿ ಹತ್ತು ಗಂಟೆಗೆ ಸರಿಯಾಗಿ ಬಹುದತ್ತೆ ಬರುವಳು. ಅತ್ತಿಗೆ ಟೀ ಇಟ್ಟು, "ಇವತ್ತು ಎಷ್ಟು ಸತ್ಯ ಬದಲಾಗುತ್ತೆ?" ಎಂದು ಕೇಳಿ ಒಳಗೆ ಹೋಗುವರು.

ಅತ್ತಿಗೆ ಹಾಗೆ ಕೇಳಿದ್ದರಲ್ಲಿ ತಪ್ಪಿಲ್ಲ. ಆ ಮೂರು ಮುದ್ರಣಗಳನ್ನು ಪಕ್ಕಪಕ್ಕ ಇಟ್ಟು ಓದಿದರೆ ಮೂರು ಬೇರೆ ಬೇರೆ ಮನುಷ್ಯರು ಒಬ್ಬರ ಮೇಲೊಬ್ಬರು ಸಿಟ್ಟಿನಿಂದ ಬರೆದಂತಿತ್ತು. ಮೊದಲನೆಯದರಲ್ಲಿ, 'ನೀರನ್ನು ಬದಲಿಸಬೇಡಿ, ಹಳೆಯ ನೀರೇ ಒಳ್ಳೆಯ ನೀರು, ಅದು ತಿಳಿಹಳದಿಗೆ ತಿರುಗಿದರೆ ತೊಟ್ಟಿ ಪಕ್ವವಾಯಿತೆಂದು ತಿಳಿಯಿರಿ.' ಮೂರನೆಯದರಲ್ಲಿ, 'ವಾರಕ್ಕೊಮ್ಮೆ ಅರ್ಧ ನೀರು ಚೆಲ್ಲದವನು ತೊಟ್ಟಿ ಇಡುವುದೇ ಬೇಡ.' ಮೊದಲು ತೊಟ್ಟಿ ಪೂರ್ವದ ಕಿಟಕಿಯಲ್ಲಿರಬೇಕಿತ್ತು. ಎರಡನೆಯ ಮುದ್ರಣಕ್ಕೆ ಕಿಟಕಿ ಶತ್ರುವಾಯಿತು, ಟ್ಯೂಬ್‌ಲೈಟು ಬಂತು. ಮೂರನೆಯ ಹೊತ್ತಿಗೆ ತೊಟ್ಟಿಯ ಮೇಲೆ ಎಂಥ ದೀಪ ನೇತಾಡುತ್ತಿತ್ತೆಂದರೆ ಮಳೆಗಾಲದಲ್ಲಿ ಅತ್ತಿಗೆ ಅದರ ಪಕ್ಕ ಒದ್ದೆ ಬಟ್ಟೆ ಹರವುತ್ತಿದ್ದರು. ಪಾಚಿ ಬಂದರೆ ಗೊಬ್ಬರ ಹೆಚ್ಚಾಯಿತೆಂದು ಒಮ್ಮೆ, ಗೊಬ್ಬರ ಸಾಲದೆ ಗಿಡ ಸೊರಗಿತು, ಅದಕ್ಕೇ ಪಾಚಿ ಎಂದು ಇನ್ನೊಮ್ಮೆ.

ಗಿಡಕ್ಕೆ ಇಂಗಾಲದ ಗಾಳಿ ಉಣಿಸಬೇಕೆಂಬ ಕಾಲವೂ ಬಂತು. ಮೊದಲು ಸಕ್ಕರೆ ನೀರಿಗೆ ಯೀಸ್ಟು ಹಾಕಿ ಬಾಟಲಿಯಿಂದ ಕೊಳವೆ ಎಳೆದ; ಅದೊಂದು ಮಧ್ಯಾಹ್ನ ಸಿಡಿದು ನಡುಮನೆಯ ಗೋಡೆ ಇವತ್ತಿಗೂ ಅಂಟಂಟು. ಆಮೇಲೆ ಕಬ್ಬಿಣದ ಸಿಲಿಂಡರೇ ತಂದ. "ಅಡುಗೆಮನೇಲಿ ಒಂದು ಸಾಲದು ಅಂತ ಇಲ್ಲೂ ಒಂದು" ಎಂದು ಅತ್ತಿಗೆ ಆರು ತಿಂಗಳು ಅದಕ್ಕೆ ಬೆನ್ನು ಹಾಕಿ ಕೂರಲಿಲ್ಲ.

ಎರಡನೆಯ ದಿನ ಓದುತ್ತ ಓದುತ್ತ ಬಹುದತ್ತೆ ನಿಲ್ಲಿಸಿದಳು.

"ಅಣ್ಣ, 'ಈಗ ನಿಸ್ಸಂಶಯವಾಗಿ ತಿಳಿದುಬಂದಿರುವಂತೆ' ಅಂತ ಮೂರೂ ಪುಸ್ತಕದಲ್ಲಿದೆ. ಹದಿನೆಂಟು ಕಡೆ. ಪ್ರತಿ ಸಲ ಬೇರೆ ಬೇರೆ ತಿಳಿದುಬಂದಿದೆ."

"ಆಗ ನಿಸ್ಸಂಶಯವಾಗೇ ಇತ್ತಲ್ಲ," ಅಂದ ಅಣ್ಣ. "ನಾನೇನು ಕನಸು ಕಂಡು ಬರೆದ್ನಾ? ತೊಟ್ಟಿ ಇಟ್ಟು ನೋಡಿ ಬರೆದಿದ್ದು."

ಅದು ಸುಳ್ಳಲ್ಲ. ಅಣ್ಣ ಒಣಜಂಬದವನು ಹೌದು, ಸುಳ್ಳುಗಾರನಲ್ಲ. ಅವನ ಮಗಳು ಕಂಪ್ಯೂಟರಿನಿಂದ ತಲೆ ಎತ್ತದೆ ಹೇಳಿದಳು, "ಅಪ್ಪ, ನೀವು ದೀಪ ಜೋರು ಮಾಡಿದ್ರಿ. ದೀಪ ಜೋರಾದ್ದಕ್ಕೆ ಗಿಡದ ಹಸಿವು ಜೋರಾಯ್ತು, ಅದಕ್ಕೆ ಗಾಳಿ ಬೇಕಾಯ್ತು, ಗೊಬ್ಬರ ಬೇಕಾಯ್ತು, ಅದನ್ನ ತೊಳಿಯೋಕೆ ನೀರು ಚೆಲ್ಲಬೇಕಾಯ್ತು. ಕಿಟಕಿ ಬೆಳಕಿನ ತೊಟ್ಟಿಗೆ ಹಳೆ ನೀರು ಸರಿಯಾಗೇ ಇತ್ತು. ಒಂದೊಂದು ದೀಪಕ್ಕೂ ಒಂದೊಂದು ಸತ್ಯ."

ಅಣ್ಣ ಅದನ್ನು ಕೇಳಿಸಿಕೊಂಡು, "ಇದನ್ನ ಬರ್ಕೋ, ಚೆನ್ನಾಗಿದೆ," ಅಂದ. ಮಗಳ ಮಾತು ಎಂದು ಬರೆಸಲಿಲ್ಲ. ಅದು ಬಹುದತ್ತೆಯ ಕಣ್ಣಿಗೆ ಬಿತ್ತು.

ಹೀಗೆ ನಾಲ್ಕನೆಯ ದಿನ ಮೂರನೆಯ ಅಧ್ಯಾಯಕ್ಕೆ ಬಂದರು. ಅಧ್ಯಾಯದ ಹೆಸರು 'ತಳ'. ಮೊದಲ ಮುದ್ರಣದಲ್ಲಿ ಚೀಟಿಯ ಮೇಲಿದ್ದ 'ಹಾಕಬಾರದು' ಎರಡನೆಯದರಲ್ಲಿ ದಪ್ಪ ಅಕ್ಷರವಾಗಿತ್ತು, ಮೂರನೆಯದರಲ್ಲಿ ಸುತ್ತ ಗೆರೆ ಕಟ್ಟಿಕೊಂಡು ಕೂತಿತ್ತು. ತೊಳೆದ ಹರಳುಕಲ್ಲು ಮಾತ್ರ, ಮಣ್ಣು ಕೂಡದು. ಹಾಗೆಂದು ಇಡೀ ಜಗತ್ತೇ ಹೇಳುತ್ತಿದ್ದ ಕಾಲ ಅದು. ಆದರೆ ಈಗ ಅದೇ ನಡುಮನೆಯ ಮೂಲೆಯಲ್ಲಿ ಮಗಳು ಇಟ್ಟ ತೊಟ್ಟಿಯಿತ್ತು. ತಳದಲ್ಲಿ ಹಿತ್ತಲಿನ ಜರಡಿ ಹಿಡಿದ ಮಣ್ಣು, ಅದರ ಮೇಲೆ ಮರಳು, ಒಂದು ಸಾಧಾರಣ ದೀಪ. ಸಿಲಿಂಡರಿಲ್ಲ, ಅಳತೆಯ ಸೀಸೆಯಿಲ್ಲ. ಎರಡು ವರ್ಷ ಅಣ್ಣ ಅದನ್ನು ಗೇಲಿ ಮಾಡಿದ. ಎರಡು ವರ್ಷವೂ ಅದು ಹಬ್ಬುತ್ತಲೇ ಹೋಯಿತು. ದೂರದೂರದ ಪಂಡಿತರೂ ಈಗ ಅದನ್ನೇ ಹೇಳುತ್ತಿದ್ದಾರೆಂದು ಮಗಳು ತೋರಿಸಿದ ಮೇಲೆ ಅಣ್ಣ ಸೋತ.

ಸೋತರೂ ಸೋತಂತೆ ಕಾಣಬಾರದಲ್ಲ. "ನಿಲ್ಲಿ, ನಿಲ್ಲಿ. ಇದಕ್ಕೆ ಮುನ್ನುಡಿಯಲ್ಲೇ ವ್ಯವಸ್ಥೆ ಮಾಡಿದ್ದೀನಿ," ಎಂದು ಹಿಂದಿನ ಸಂಜೆ ಬರೆದಿಟ್ಟಿದ್ದ ಹಾಳೆ ತೆಗೆದ. ಅತ್ತಿಗೆಯನ್ನೂ ಒಳಗಿನಿಂದ ಕರೆದ. ಓದಿದ.

'ಮೊದಲ ಮುದ್ರಣದಲ್ಲಿ ನನ್ನ ತಂಗಿಯ ಕೈತಪ್ಪಿನಿಂದ ಮಣ್ಣು ಹಾಕಬಹುದು ಎಂದು ಅಚ್ಚಾಗಿತ್ತು. ಆಗ ನಾನು ಅವಳನ್ನು ಬೈದೆ. ಮೂವತ್ತೆಂಟು ವರ್ಷ ವಿಜ್ಞಾನ ಊರೆಲ್ಲ ಸುತ್ತಿ ಈಗ ಅದೇ ಕೈತಪ್ಪಿನ ಬಾಗಿಲಿಗೆ ಬಂದು ನಿಂತಿದೆ. ಬಲ್ಲವರು ಬರೆದದ್ದು ಸುಳ್ಳಾಗಿ, ಅರಿಯದ ಕೈ ಎಡವಿದ್ದು ನಿಜವಾಯಿತು. ಈ ಮುದ್ರಣವನ್ನು ಆ ತಪ್ಪಿಗೆ ಅರ್ಪಿಸಿದ್ದೇನೆ.'

ಅತ್ತಿಗೆ ನಕ್ಕರು. ಮಗಳು ಚಪ್ಪಾಳೆ ತಟ್ಟಿ, "ಬಹುದತ್ತೆ, ನಿಮ್ಮ ತಪ್ಪಿಗೇ ಪುಸ್ತಕ ಅರ್ಪಣೆ. ಯಾರಿಗುಂಟು ಯಾರಿಗಿಲ್ಲ," ಅಂದಳು. ಅಣ್ಣನ ಮುಖ ನೋಡಬೇಕಿತ್ತು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬುದು ಅವನ ಮಟ್ಟಿಗೆ ಅಕ್ಷರಶಃ ನಿಜವಾಗಿತ್ತು.

ಬಹುದತ್ತೆಗೆ ಈ ಸಲ ನಗು ಬರಲಿಲ್ಲ. ಮೂವತ್ತೆಂಟು ವರ್ಷ ಅಪಹಾಸ್ಯ ನುಂಗಿದವಳಿಗೆ ಈ ಹೊಗಳಿಕೆಯನ್ನು ನುಂಗಲಾಗಲಿಲ್ಲ. ಅರಿಯದ ಕೈ. ಎಡವಿದ್ದು. ಟೀ ಅರ್ಧಕ್ಕೇ ಬಿಟ್ಟು, ಮನೆಯಲ್ಲಿ ಕೆಲಸವಿದೆ ಎಂದು ಎದ್ದಳು. ಚಪ್ಪಲಿ ಮೆಟ್ಟುವಾಗ ಎಡ ಬಲ ಅದಲುಬದಲಾಯಿತು, ಬೀದಿಯ ಕೊನೆಯವರೆಗೂ ಗೊತ್ತಾಗಲಿಲ್ಲ.

ಯಾಕೆಂದರೆ ಅದು ಕೈತಪ್ಪಲ್ಲ. ಅವಳು ಗೊತ್ತಿದ್ದೇ ಬದಲಿಸಿದ್ದಳು.

ಆ ಕಾಲದಲ್ಲಿ ಅಣ್ಣ ಅಂಚು ಒಡೆದ ತೊಟ್ಟಿಯೊಂದನ್ನು ಎಸೆಯಹೊರಟಾಗ ಅವಳು ಅದನ್ನು ಮುದ್ರಣಾಲಯಕ್ಕೆ ಹೊತ್ತು ತಂದು ಕಿಟಕಿಯಲ್ಲಿಟ್ಟಿದ್ದಳು. ಹರಳುಕಲ್ಲು ಕೊಳ್ಳುವುದೇಕೆಂದು ಹಿತ್ತಲ ಮಣ್ಣನ್ನು ಜರಡಿ ಹಿಡಿದು ಒಂದು ಬೆರಳಷ್ಟು ಹಾಕಿ, ನೀರು ಕದಡಬಾರದೆಂದು ಮೇಲೆ ಮರಳು ಹರವಿದಳು. ಯಾರೂ ಹೇಳಿಕೊಟ್ಟದ್ದಲ್ಲ, ಹೂಕುಂಡಕ್ಕೆ ಮಣ್ಣು ಹಾಕಿ ಗೊತ್ತಿದ್ದವಳು ಹಾಕಿದಳು. ನಾಲ್ಕು ವರ್ಷ ಅದು ಹಸಿರಾಗಿ ತುಂಬಿಕೊಂಡಿತ್ತು. ಅಣ್ಣನಿಗೆ ಎರಡು ಸಲ ಹೇಳಿದಳು. "ನಿಂದು ಅದೃಷ್ಟ ಕಣೆ," ಅಂದ ಅಣ್ಣ. "ಅದೃಷ್ಟಾನ ಪುಸ್ತಕದಲ್ಲಿ ಬರೆಯೋಕಾಗಲ್ಲ."

ಕೊನೆಯ ಕರಡಿಗೆ ಅಣ್ಣ ಸಹಿ ಹಾಕಿ ಕಳಿಸಿದ. ಪುಟಗಳನ್ನು ಕಬ್ಬಿಣದ ಚೌಕಟ್ಟಿಗೆ ಬಿಗಿದಾಯಿತು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದರು. ಅವಳು ಆ ಪುಟದ ಮುಂದೆ ನಿಂತಿದ್ದಳು. ಬೆನ್ನ ಹಿಂದೆ ಕಿಟಕಿಯಲ್ಲಿ ಗಿಡಗಳು, ಕಣ್ಣ ಮುಂದೆ ಅವು ಬೆಳೆಯಲಾರವು ಎನ್ನುವ ವಾಕ್ಯ. ಈ ಕೈಯಿಂದ ನೀರು ಹಾಕಿ ಈ ಕೈಯಿಂದಲೇ ಇದನ್ನು ಜೋಡಿಸಿದ್ದೇನಲ್ಲ ಎಂದು ಅವಳಿಗೆ ಹೇಸಿಗೆಯಾಯಿತು. ಚೌಕಟ್ಟಿನ ಬಿಗಿ ಸಡಿಲಿಸಿ, ಚಿಮುಟದಿಂದ 'ಬಾ' ಮತ್ತು 'ರ' ಎತ್ತಿ, 'ಬ' ಮತ್ತು 'ಹು' ಇಟ್ಟಳು. ಸಾಲು ಅಲ್ಲಾಡಲಿಲ್ಲ. ಮತ್ತೆ ಬಿಗಿದು, ಕೈ ತೊಳೆದು, ಎಲ್ಲರ ಜೊತೆ ಕೂತು ಊಟ ಮಾಡಿದಳು.

ಕಸುಬಿನ ಲೆಕ್ಕದಲ್ಲಿ ಇದು ಕೈತಪ್ಪಿಗಿಂತ ದೊಡ್ಡ ಪಾಪ. "ಬರೆದವರು ಕತ್ತೆ ಹಾರಿತು ಅಂದಿದ್ರೆ ನಮ್ಮಲ್ಲೂ ಹಾರಬೇಕು," ಎನ್ನುತ್ತಿದ್ದರು ಮಾಲೀಕರು. ಅದು ಅವಳಿಗೆ ಗೊತ್ತಿತ್ತು. ಗಲಾಟೆಯಾದಾಗ, ಹೌದು ನಾನೇ ಬದಲಿಸಿದೆ, ಬಂದು ಕಿಟಕಿ ನೋಡಿ ಎಂದು ಹೇಳುವುದೆಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದಳು. ಅಷ್ಟರಲ್ಲಿ ಒಂದು ಕಾಗದ ಬಂತು.

ಬರೆದವರು ಒಬ್ಬ ಗಡಿಯಾರ ರಿಪೇರಿಯವರು. ಚೀಟಿ ಅಂಟಿಸುವ ಮೊದಲೇ ಪುಸ್ತಕ ಕೊಂಡವರು. ಮುತ್ತಿನಂಥ ಅಕ್ಷರ. ತಮ್ಮ ಪುಸ್ತಕದಲ್ಲಿ ಹೇಳಿದಂತೆ ತೋಟದ ಮಣ್ಣು ಹಾಕಿದೆ, ಗಿಡಕ್ಕೆ ಒಳ್ಳೆಯದೆಂದು ಗೊಬ್ಬರ ಬೆರೆತ ಮಣ್ಣನ್ನೇ ನಾಲ್ಕು ಬೆರಳು ತುಂಬಿದೆ, ಎಂಟನೆಯ ದಿನ ನೀರು ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಬಂತು, ಏಳು ಮೀನುಗಳೂ ಸತ್ತವು, ನನ್ನಿಂದ ಏನು ತಪ್ಪಾಯಿತೆಂದು ದಯವಿಟ್ಟು ತಿಳಿಸಬೇಕು ಎಂದು ಬರೆದಿದ್ದರು. ಬೈದು ಬರೆದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ನನ್ನಿಂದ ಏನು ತಪ್ಪಾಯಿತು ಎಂದು ಕೇಳಿದ್ದರು. ಅಣ್ಣ ಆ ಕಾಗದವನ್ನು ಮನೆಯವರ ಮುಂದೆಲ್ಲ ಓದಿ, "ನೋಡಿ ಎರಡು ಮೊಳೆಯ ಪ್ರತಾಪ," ಅಂದ.

ಅವತ್ತೇ ಅವಳ ಬಾಯಿ ಕಟ್ಟಿಹೋಯಿತು. ಎರಡು ಮೊಳೆ ಬದಲಿಸಬಹುದಿತ್ತು, ಬದಲಿಸಿದಳು. ತೆಳ್ಳಗೆ ಹಾಕಿ, ಗೊಬ್ಬರ ಬೇಡ, ಮೇಲೆ ಮರಳು ಮುಚ್ಚಿ ಎಂದು ಸೇರಿಸಲು ಆ ಸಾಲಿನಲ್ಲಿ ಜಾಗವಿರಲಿಲ್ಲ; ಒಂದು ಸಾಲು ಸೇರಿದ್ದರೆ ಇಡೀ ಅಧ್ಯಾಯವೇ ಜರುಗಿ ಸಿಕ್ಕಿಬೀಳುತ್ತಿದ್ದಳು. ಸತ್ಯದಲ್ಲಿ ಎಷ್ಟು ಆ ಸಾಲಿಗೆ ಹಿಡಿಸಿತೋ ಅಷ್ಟನ್ನು ಇಟ್ಟಳು, ಉಳಿದ ಅರ್ಧ ಇಲ್ಲದ್ದಕ್ಕೆ ಏಳು ಮೀನು ಸತ್ತವು. ಉಪ್ಪು ತಿಂದವರು ನೀರು ಕುಡಿಯಬೇಕು. ತಪ್ಪು ಮಾಡಿದವಳು ಎನಿಸಿಕೊಂಡು ಹಾಳೆ ಮಡಿಸುವುದೇ ತನಗೆ ಸರಿ ಎಂದು ಒಪ್ಪಿಕೊಂಡಳು. ಕಿಟಕಿಯ ತೊಟ್ಟಿಯನ್ನು ಯಾರಿಗೋ ಕೊಟ್ಟಳು.

ಮುನ್ನುಡಿ ಕೇಳಿ ಎದ್ದುಬಂದ ಮೇಲೆ ಎರಡು ದಿನ ಅವಳು ಅಣ್ಣನ ಮನೆಗೆ ಹೋಗಲಿಲ್ಲ. ತಲೆನೋವು ಎಂದು ಹೇಳಿಕಳಿಸಿದಳು. ಅವಳ ಗಂಡ ದರ್ಜಿ. ಮಾತು ಕಡಿಮೆ, ಎಲ್ಲವನ್ನೂ ಅಳತೆ ಮಾಡಿ ಆಡುವವರು. ಮೂವತ್ತೆಂಟು ವರ್ಷದಲ್ಲಿ ಮೊದಲ ಸಲ ಅವರಿಗೆ ಇದನ್ನೆಲ್ಲ ಹೇಳಿದಳು. ಅವರು ಸೂಜಿಗೆ ದಾರ ಪೋಣಿಸಿ ಮುಗಿಸಿ, "ನನಗ್ಯಾಕೆ ಹೇಳ್ತೀಯ? ಪುಸ್ತಕ ಬರೆಯೋದು ನಾನಲ್ಲವಲ್ಲ," ಅಂದರು. ಸ್ವಲ್ಪ ಹೊತ್ತು ಬಿಟ್ಟು, "ತಲೆನೋವಿನ ಮಾತ್ರೆ ಬೇಕಾ?" ಎಂದೂ ಕೇಳಿದರು.

ಮೂರನೆಯ ದಿನ ಬೆಳಿಗ್ಗೆ ಅಣ್ಣನೇ ಬಂದ. ಅವಳ ಮನೆ ಮಹಡಿಯ ಮೇಲೆ, ಅವನಿಗೆ ಮಂಡಿನೋವು. ಮೆಟ್ಟಿಲ ಮೇಲೆ ಅವನು ನಿಂತು ನಿಂತು ಹತ್ತುವುದು ಅಡುಗೆಮನೆಗೆ ಕೇಳಿಸಿತು. ಬಗಲಲ್ಲಿ ಕಡತ. ಬಂದವನು ಕುರ್ಚಿಯಲ್ಲಿ ಕೂತು ಉಸಿರು ಸುಧಾರಿಸಿಕೊಂಡ. ಗಂಡ ಅಂಗಡಿಗೆ ಹೋಗಿದ್ದರು.

"ತಲೆನೋವು ಹೇಗಿದೆ?"

"ಇಲ್ಲ."

"ಮೂರನೇ ಅಧ್ಯಾಯ ಹಾಗೇ ನಿಂತಿದೆ. ನಾಡಿದ್ದು ಕೊಡಬೇಕು."

ಬಹುದತ್ತೆ ಒಲೆ ಆರಿಸಿ ಎದುರಿಗೆ ಬಂದು ಕೂತಳು. ಇಷ್ಟು ವರ್ಷ ಈ ಮಾತನ್ನು ಎಷ್ಟೋ ತರಹ ಜೋಡಿಸಿ ಬಿಚ್ಚಿ ಇಟ್ಟಿದ್ದಳು. ಬಾಯಿಗೆ ಬಂದದ್ದು ತೀರ ಸಣ್ಣದಾಗಿತ್ತು.

"ಅಣ್ಣ, ಮುನ್ನುಡೀಲಿ ಕೈತಪ್ಪು ಅಂತ ಹಾಕಬೇಡ. ಅದು ಕೈತಪ್ಪಲ್ಲ. ನಾನು ಬೇಕಂತಲೇ ಬದಲಾಯಿಸಿದ್ದು."

ಬೆಚ್ಚಿಬೀಳುತ್ತಾನೆ, ಇಲ್ಲ ರೇಗುತ್ತಾನೆ ಎಂದು ಕಾದಳು. ಅಣ್ಣ ಕಡತದ ದಾರವನ್ನು ಬಿಚ್ಚಿ ಮತ್ತೆ ಕಟ್ಟಿದ.

"ಗೊತ್ತಿತ್ತು," ಅಂದ.

ಅವಳಿಗೆ ಸರಿಯಾಗಿ ಕೇಳಿಸಲಿಲ್ಲವೇನೋ ಅನ್ನಿಸಿತು. "ಏನು ಗೊತ್ತಿತ್ತು?"

"ಕೊನೇ ಪ್ರೂಫಿನಲ್ಲಿ ಬಾರದು ಅಂತಲೇ ಇತ್ತು. ನಾನು ಆ ಸಾಲನ್ನ ಮೂರು ಸಲ ನೋಡಿ ಸಹಿ ಹಾಕಿದ್ದೆ. ಸಹಿಯಾದ ಮೇಲೆ ಮೊಳೆ ತಾನಾಗೇ ಎದ್ದು ಓಡಾಡುತ್ತಾ? ಅದೂ ಒಂದು ಮೊಳೆ ತಪ್ಪಿದ್ರೆ ತಪ್ಪು ಅನ್ನಬಹುದು. ಎರಡು ಮೊಳೆ ಅಷ್ಟು ಸರಿಯಾಗಿ ತಪ್ಪಲ್ಲ."

ಅವಳು ಸೆರಗಿನ ತುದಿಯನ್ನು ಮಡಿಸಿದಳು, ಮತ್ತೆ ಮಡಿಸಿದಳು. ಅದು ಸಿಟ್ಟು ಎಂದು ಅವಳಿಗೇ ತಿಳಿಯಲು ಒಂದು ಗಳಿಗೆ ಬೇಕಾಯಿತು.

"ಗೊತ್ತಿದ್ದೂ ಮೂವತ್ತೆಂಟು ವರ್ಷ ಊರೆಲ್ಲ ನಗಿಸ್ದೆಯಲ್ಲ ಅಣ್ಣ. ನಾನು ಇಪ್ಪತ್ತೆರಡು ವರ್ಷ ಹಾಳೆ ಮಡಿಸ್ದೆ."

"ಬೇಕಂತಲೇ ಮಾಡಿದ್ದು ಅಂತ ಮಾಲೀಕರಿಗೆ ಹೇಳಿದ್ರೆ ನಿನ್ನ ಅವತ್ತೇ ಮನೆಗೆ ಕಳಿಸ್ತಿದ್ರು."

"ಅದಕ್ಕೆ ಹೇಳ್ಲಿಲ್ವಾ?"

ಹೂಂ ಅಂದುಬಿಟ್ಟಿದ್ದರೆ ಅವಳು ನಂಬುತ್ತಿದ್ದಳೇನೋ. ಅಣ್ಣ ಕನ್ನಡಕ ತೆಗೆದು ಒರೆಸಿದ.

"ಅದಕ್ಕೇ ಅಂತ ಇಷ್ಟು ವರ್ಷ ನನಗೆ ನಾನೇ ಹೇಳ್ಕೊಂಡೆ. ಅದಲ್ಲ. ತಪ್ಪು ಅಂದ್ರೆ ಚೀಟಿ ಅಂಟಿಸಿದ್ರೆ ಮುಗೀತು. ನೀನು ಬೇಕಂತಲೇ ಮಾಡಿದ್ದು ಅಂತ ಒಪ್ಕೊಂಡಿದ್ರೆ ನಾನು ಉತ್ತರ ಕೊಡಬೇಕಿತ್ತು. ಆ ಕಿಟಕಿ ತೊಟ್ಟೀನ ನಾನು ಎಷ್ಟು ಸಲ ಬಂದು ನೋಡಿದ್ದೆ ನಿನಗೆ ಗೊತ್ತಿಲ್ಲ. ನೀನಿಲ್ಲದಾಗ ಬರ್ತಿದ್ದೆ. ಯಾಕೆ ಬೆಳೀತಿದೆ ಅಂತ ನನಗೆ ಗೊತ್ತಾಗಲಿಲ್ಲ. ನನ್ನ ಹತ್ರ ಉತ್ತರ ಇರಲಿಲ್ಲ ಕಣೆ."

ಬಹುದತ್ತೆ ಒಳಗೆ ಹೋಗಿ ಅಣ್ಣನಿಗೆ ಒಂದು ಲೋಟ ನೀರು ತಂದಿಟ್ಟಳು. ಆಮೇಲೆ, "ಗಡಿಯಾರದವರ ಕಾಗದಕ್ಕೆ ಉತ್ತರ ಬರೆದ್ಯಾ?" ಎಂದು ಕೇಳಿದಳು.

"ಅಚ್ಚಿನ ತಪ್ಪು, ಕ್ಷಮಿಸಿ ಅಂತ ಒಂದು ಕಾರ್ಡು ಹಾಕಿದೆ."

"ಅವರದ್ದೇನೂ ತಪ್ಪಿರಲಿಲ್ಲ ಅಂತ ಬರೆದ್ಯಾ?"

"ಇಲ್ಲ."

"ಈಗ ಬರೀಬೇಕು. ಅವರು ಇದಾರೋ ಇಲ್ವೋ, ಪುಸ್ತಕದಲ್ಲಿ ಬರೀಬೇಕು." ಎದ್ದು ಹೋಗಿ ಒಂದು ಬಿಳಿ ಹಾಳೆ, ಪೆನ್ನು ತಂದು ಅಣ್ಣನ ಮುಂದಿಟ್ಟಳು. "ನಾನು ಹೇಳ್ತೀನಿ, ನೀನು ಬರ್ಕೋ."

ಎಪ್ಪತ್ಮೂರು ವರ್ಷದ ಅಣ್ಣ ಶಾಲೆಯ ಹುಡುಗನಂತೆ ಹಾಳೆ ನೇರ ಮಾಡಿಕೊಂಡ. ಅವಳು ಹೇಳುತ್ತ ಹೋದಳು, ಅವನು ಬರೆಯುತ್ತ ಹೋದ.

'ಮೊದಲ ಮುದ್ರಣದ ಮೂರನೆಯ ಅಧ್ಯಾಯದಲ್ಲಿ ಹಾಕಬಾರದು ಎಂದಿದ್ದುದನ್ನು, ಮೊಳೆ ಜೋಡಿಸಿದ ನಾನು, ತಿಳಿದೇ ಹಾಕಬಹುದು ಎಂದು ಬದಲಿಸಿದೆ. ಮಣ್ಣು ತೆಳ್ಳಗಿರಬೇಕು, ಗೊಬ್ಬರ ಇರಬಾರದು, ಮೇಲೆ ಮರಳು ಮುಚ್ಚಬೇಕು. ಇದು ನಾನು ಮಾಡಿ ನೋಡಿದ್ದಾಗಿತ್ತು. ಆದರೆ ಓದುಗರಿಗೆ ಹೇಳಲಿಲ್ಲ. ಅದರಿಂದ ಒಬ್ಬರ ಏಳು ಮೀನುಗಳು ಸತ್ತವು. ಅವರದು ಏನೂ ತಪ್ಪಿರಲಿಲ್ಲ.'

ಅಣ್ಣ ಬರೆದದ್ದನ್ನು ಮೇಲಿಂದ ನೋಡಿಕೊಂಡು ಬಂದವನು ಮೊದಲ ಸಾಲಿನಲ್ಲಿ ನಿಂತ.

"ಇಲ್ಲಿ 'ತಿಳಿಯದೆ' ಅಂತ ಮಾಡ್ಲಾ? ಒಂದಕ್ಷರ. ಈ ವಯಸ್ಸಲ್ಲಿ ಯಾಕೆ ನಿನ್ನ ಮೇಲೆ ಹಾಕ್ಕೋತೀಯ? ಜನ ಏನೇನೋ ಅಂತಾರೆ."

"ಬೇಡ," ಅಂದಳು. "ತಿಳಿದೇ."

ಅಣ್ಣ ಆ ಪದವನ್ನು ಹಾಗೇ ಬಿಟ್ಟ. ಆಮೇಲೆ ಅವಳು ಹೇಳದೆಯೇ, ಅವಳ ಮಾತಿನ ಕೆಳಗೆ, ತನ್ನದೊಂದು ಸಾಲು ಬರೆದು ಹಾಳೆಯನ್ನು ಅವಳ ಕಡೆ ತಿರುಗಿಸಿದ. 'ಅದು ತಪ್ಪಲ್ಲವೆಂದು ನನಗೆ ಅಂದೇ ಗೊತ್ತಿತ್ತು. ನಾನು ಸುಳ್ಳು ಹೇಳಿದೆ.' ಬಹುದತ್ತೆ ಅದನ್ನು ಕರಡು ನೋಡುವ ಹಾಗೆ ಬೆರಳಿಟ್ಟು ಅಕ್ಷರ ಅಕ್ಷರವಾಗಿ ಓದಿದಳು. ಎರಡನೆಯ ಸಲ ಓದುವಾಗ ಅಕ್ಷರಗಳು ಕಣ್ಣೀರಿಗೆ ಕಲಸಿಹೋದವು. ಅಣ್ಣನೆದುರು ಅವಳು ಅತ್ತದ್ದು ಅದೇ ಮೊದಲು.

"ತಿದ್ದೋದು ಏನಾದ್ರೂ ಇದೆಯಾ?" ಅಣ್ಣ ಕೇಳಿದ.

"ಇಲ್ಲ," ಅಂದಳು. "ಅಚ್ಚಿಗೆ ಕೊಡು."